ಬಿದ್ದ ಬೀಟೆ

ಸಿದ್ದಾಪುರದಲ್ಲಿ ಲೈಸೆನ್ಸ್ ಅಂದರೆ
ಮೊದಲು ನೆನಪಾಗುವುದು ಕೋವಿ,
ಆಮೇಲೆ ಬ್ರಾಂದಿ ಅಂಗಡಿ, ಆಮೇಲೆ ಜೀಪು.
ನಾನು ಶಟರ್ ಅರ್ಧ ಇಳಿಸಿ,
ರಿಪೇರಿಗೆ ಬಂದ ಫೋನುಗಳನ್ನು ಪಕ್ಕಕ್ಕೆ ಸರಿಸಿ
ರಾತ್ರಿ ಹತ್ತೂವರೆಗೆ ಓದುತ್ತಿರುವ ಲೈಸೆನ್ಸು
ಒಂದು ಹೆಗ್ಗಣದ್ದು.

ಕೋಟೆಯಡಿ ಸುರಂಗ ತೋಡುವ ಹೆಗ್ಗಣ.
ಹದಿನೆಂಟು ವರ್ಷದ ಹಿಂದೆ ಯಾವುದೋ ಚಳಿದೇಶದಲ್ಲಿ
ಮೂವರು ಸೇರಿ ಮಾಡಿದ ಆಟ.
ಕಂಪನಿ ಮುಚ್ಚಿತು. ಮೊನ್ನೆ ಅವರಲ್ಲೊಬ್ಬ
ಕೋಡನ್ನೆಲ್ಲ ಬಯಲಿಗಿಟ್ಟ:
ತಗೊಳ್ಳಿ, ತಿದ್ದಿ, ಹಂಚಿ,
ಹಂಚುವವರು ಮುಂದಿನವರ ಕೈ ಕಟ್ಟಬೇಡಿ, ಅಷ್ಟೆ.
ಓದಿ ಖುಷಿಯಾಯಿತು. ಲಿನಕ್ಸಿಗೆ ಹೊಂದಿಸಿದೆ.
ಮೂರನೇ ಏಟಿಗೆ ಓಡಿತು ಹೆಗ್ಗಣ.

ಕಟ್ಟುವುದು ಸುಲಭ. ಪೊಟ್ಟಣದ ಮೇಲೆ
ಒಳಗಿರುವುದು ಯಾರದು ಎಂದು ಬರೆಯಬೇಕಲ್ಲ,
ಅಲ್ಲಿ ನಿಂತಿದ್ದೇನೆ, ಹನ್ನೆರಡು ದಿನದಿಂದ.

ಕೋಡು ಸರಿ. ಚಿತ್ರಗಳ ಜೊತೆ ಬೇರೊಂದು ಚೀಟಿ:
ಮಾರುವಂತಿಲ್ಲ.
ನಾನು ಮಾರುವವನಲ್ಲ. ನನ್ನಿಂದ ಪಡೆದವನು
ಹತ್ತು ಆಟ ಒಂದು ಪೆನ್‌ಡ್ರೈವಿಗೆ ತುಂಬಿ
ಸಂತೆಯಲ್ಲಿ ನೂರು ರೂಪಾಯಿಗೆ ಇಟ್ಟರೆ?
ಫಾಂಟು ಎಲ್ಲಿಂದ ಬಂತೋ, ತಂದವನಿಗೇ ಮರೆತಿದೆ.
ಸಂಗೀತ ಆರು ಫೈಲು. ಹೆಸರಿದೆ, ಮಾತಿಲ್ಲ.
ಬಾರಿಸಿದವನು ತೀರಿಕೊಂಡು ಏಳು ವರ್ಷ.

ಕೋಡು ಕೊಟ್ಟವನಿಗೆ ಬರೆದೆ. ಒಂದೇ ಸಾಲು ಬಂತು:
ಅವನಿದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ ಬಿಡಿ.
ಒಳ್ಳೆಯ ಮನುಷ್ಯ. ಎರಡು ಸಲ ಓದಿದೆ.
ಬೇಡ ಅನ್ನದಿದ್ದರೆ ಹೂಂ ಅಂದಂತೆ ಆಗುವುದು
ಮದುವೆ ಊಟದಲ್ಲಿ, ಎರಡನೇ ಸಲ ಬಡಿಸುವಾಗ ಮಾತ್ರ.

ಫೋನಿಗೆ ಗಾಜು ಹಾಕಿಸಲು ಬಂದ ಉತ್ತಯ್ಯ
ಶಟರಿನಡಿ ಬಗ್ಗಿ ಒಳಬಂದರು:
ಏನೋ ಜುಬೈರ, ಇಷ್ಟು ಹೊತ್ತು?
ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.
ಸ್ಟೂಲೆಳೆದು ಕೂತರು.

“ನಮ್ಮ ಬಾಣೆಯಲ್ಲಿ ಒಂದು ಬೀಟೆ ಬಿದ್ದಿದೆ.
ಹೋದ ವರ್ಷದ ಗಾಳಿಗಲ್ಲ, ಅದರ ಹಿಂದಿನದಕ್ಕೆ.
ಜಮ್ಮಾ ಜಾಗ. ಮಣ್ಣು ಒಕ್ಕದ್ದು,
ಕಾಫಿ ನನ್ನದು, ಮರಕ್ಕೆ ಹಬ್ಬಿದ ಮೆಣಸೂ ನನ್ನದು.
ಮರ ಸರ್ಕಾರದ್ದು.
ನೆರಳು ಯಾರದು ಅಂತ ಯಾರೂ ಬರೆದಿಲ್ಲ, ಪುಣ್ಯ.
ಅರ್ಜಿ ಕೊಟ್ಟೆ. ಬೇಡ ಅಂದವರಿಲ್ಲ,
ಸರಿ ಅಂತಲೂ ಬರೆದವರಿಲ್ಲ.
ಕಾಲೆತ್ತಿ ದಾಟಿಕೊಂಡು ಹಣ್ಣು ಕುಯ್ಯುತ್ತೇವೆ.”
ಅಂಟು ಒಣಗುವ ತನಕ ಸುಮ್ಮನಿದ್ದು, ಆಮೇಲೆ:
“ಗೆದ್ದಲು ಮಾತ್ರ ಯಾರನ್ನೂ ಕೇಳಲಿಲ್ಲ.
ಹೊರಗಿನ ಬಿಳಿಯನ್ನೆಲ್ಲ ತಿಂದು ಮುಗಿಸಿದೆ.
ಒಳಗಿನ ಕಪ್ಪು ಹಾಗೇ ಇದೆ ನೋಡು.”

ಅವರ ಕೋವಿಗೆ ಲೈಸೆನ್ಸಿಲ್ಲ, ವಿನಾಯಿತಿ ಇದೆ.
ನನ್ನ ಅಂಗಡಿಗೆ ಹನ್ನೊಂದು ತಿಂಗಳ ಕರಾರಿದೆ.
ಪ್ರತಿ ವರ್ಷ ಹನ್ನೆರಡನೇ ತಿಂಗಳು
ನಾನು ಎಲ್ಲಿರುತ್ತೇನೋ, ಕಾಗದಕ್ಕೆ ಗೊತ್ತಿಲ್ಲ.

ಅವರು ಹೋದ ಮೇಲೆ ಪೊಟ್ಟಣ ಬಿಚ್ಚಿದೆ.
ಕೋಡು ಒಂದು ಕಟ್ಟು.
ಚಿತ್ರ ಬೇರೆ ಕಟ್ಟು, ಬೇರೆ ಕಪಾಟಿಗೆ,
ಮೇಲೆ ಎಚ್ಚರಿಕೆಯ ಚೀಟಿ.
ಫಾಂಟು ತೆಗೆದು ಅಪ್ಪ ಅಮ್ಮ ಗೊತ್ತಿರುವ ಇನ್ನೊಂದನ್ನಿಟ್ಟೆ.
ಅಂಕಿಗಳು ತುಸು ದಪ್ಪ, ಚೌಕದಾಚೆ ಚಾಚುತ್ತವೆ. ಇರಲಿ.
ಆರೂ ಫೈಲು ಅಳಿಸುವ ಮುಂಚೆ
ಒಂದೊಂದನ್ನೂ ಪೂರ್ತಿ ಕೇಳಿದೆ.
ನಾಲ್ಕನೆಯದರ ಕೊನೆಯಲ್ಲಿ, ರಾಗ ನಿಂತ ಮೇಲೆ,
ಬಾರಿಸಿದವನು ಕುರ್ಚಿ ಹಿಂದೆ ಸರಿಸಿದ ಸದ್ದು.

ಈಗ ಹೆಗ್ಗಣ ಸದ್ದಿಲ್ಲದೆ ತೋಡುತ್ತದೆ.
ಇಲ್ಲದ ಫೈಲಿನೆದುರು ಹೆಸರಿಡಲು ಜಾಗವಿಲ್ಲ.
ಕೆಳಗೆ, ಯಾರೂ ಓದದ ಟಿಪ್ಪಣಿಯಲ್ಲಿ, ಅವನ ಹೆಸರು ಬರೆದು ಸೇರಿಸಿದೆ:
ಸಂಗೀತ ಇತ್ತು. ಕೇಳೋಣವೆಂದರೆ ಯಾರೂ ಸಿಗಲಿಲ್ಲ.

ಕಳಿಸಿ, ಶಟರ್ ಪೂರ್ತಿ ಎಳೆಯುವಾಗ ನೆನಪಾಯಿತು:
ಗಾಜಿನ ದುಡ್ಡು ಉತ್ತಯ್ಯ ಕೊಟ್ಟಿರಲಿಲ್ಲ.
ನಾನೂ ಕೇಳಿರಲಿಲ್ಲ.