ಎರಡೇ ಪದ

ಜಗಳೂರು ತಾಲ್ಲೂಕು ಪಂಚಾಯ್ತಿ ಮಹಡಿ.
ಫ್ಯಾನು ತಿರುಗಿದರೆ ನಕಾಶೆಯೂ ಏಳುತ್ತದೆ,
ಮೂಲೆಗೊಂದು ಜಲ್ಲಿಕಲ್ಲು ಇಟ್ಟಿದ್ದೇವೆ.

"ಪ್ರತಿ ಕಾಮಗಾರಿಗೂ ಎರಡೇ ಪದ," ಅಂದೆ,
"ಹೆಸರು ಬೇಡ, ಅದು ಮಾಡುವ ಕೆಲಸ ಹೇಳಿ."
ಆರನೇ ಕಿಲೋಮೀಟರಿನ ಮೋರಿ?
"ನೀರು ದಾಟಿಸುತ್ತದೆ," ಅಂದಳು ಹೊಸ ಎಂಜಿನಿಯರು.
ವರ್ಷಕ್ಕೆ ನಾಲ್ಕು ದಿನದ ನೀರಿಗೆ
ಇಷ್ಟಗಲ ಬಾಯೇಕೆ? ಕೊಳವೆ ಸಾಕು.
ಉಳಿತಾಯ ಮೂರು ಲಕ್ಷ ಚಿಲ್ಲರೆ. ನಾನೇ ಬರೆದೆ,
ಕೆಳಗೊಂದು ಗೆರೆಯನ್ನೂ ಎಳೆದೆ.

ಹಿಂದಿನ ಸಾಲಲ್ಲಿ, ಚಹಾ ಲೋಟ ಇಳಿಸದೆ,
ಗ್ಯಾಂಗ್‌ಮನ್ ಪಾಲಯ್ಯ:
"ಕುರಿ ದಾಟಿಸ್ತೈತೆ.
ಉಳಿದ್ ದಿನ ಎಲ್ಲಾ, ಸಾರ್."

ಫ್ಯಾನು ನಿಂತಿತು, ಕರೆಂಟು ಹೋಗಿತ್ತು.
ಎರಡೇ ಪದ. ನಿಯಮ ನನ್ನದೇ.
ಅಂಗೈಯಿಂದಲೇ ಬೋರ್ಡು ಒರೆಸಿದೆ;
ಊಟಕ್ಕೆ ಕೂತಾಗ
ಬೆರಳ ಸಂದಿಯಲ್ಲಿನ್ನೂ
ಮೂರು ಲಕ್ಷದ ಸೀಮೆಸುಣ್ಣ.