ಹನ್ನೊಂದನೆಯವಳು

ಜಿಲ್ಲಾ ಶಿಕ್ಷಣ ಕಚೇರಿಯ ಹಿಂಬದಿಯ ಕೋಣೆ ನನ್ನದು.
ಮೊದಲು ಇಲ್ಲಿ ಬ್ಯಾಂಡಿನವರ ಸಮವಸ್ತ್ರ ಇಡುತ್ತಿದ್ದರಂತೆ,
ಬೇಸಿಗೆಯಲ್ಲಿ ಈಗಲೂ ನುಸಿಗುಳಿಗೆಯ ವಾಸನೆ.
ಸಾನ್ ಅಮಾರೋದ ಮೂರು ಹೈಸ್ಕೂಲು,
ನಾಲ್ಕು ಸಾವಿರದ ಇನ್ನೂರ ಆರು ಮಕ್ಕಳು
ವರ್ಷಕ್ಕೊಮ್ಮೆ ನನ್ನ ಬೆರಳಿಂದಿಳಿದು
ಕಾಲಮ್ಮುಗಳಲ್ಲಿ ಕೂರುತ್ತಾರೆ, ಗದ್ದಲವಿಲ್ಲದೆ.
ಅವರು ಗದ್ದಲವಿಲ್ಲದೆ ಕೂರುವ ಜಾಗ ಅದೊಂದೇ.

ಎಡಕ್ಕೆ ನಾವು, ಬಲಕ್ಕೆ ಗುಡ್ಡದ ಮೇಲಿನ ಓಕ್‌ಹೇವನ್.
ಗಣಿತ: ನಮ್ಮದು ಇಪ್ಪತ್ತಾರು, ಅವರದು ಅರವತ್ತೊಂದು.
ಬಡವರ ಮಕ್ಕಳು: ನಮ್ಮದು ಎಂಬತ್ತಮೂರು, ಅವರದು ಒಂಬತ್ತು.
ಈ ಎರಡು ಸಾಲು ಅಕ್ಕಪಕ್ಕ ಕೂತರೆ
ಮಂಡಳಿಯವರಿಗೆ ಕೆಮ್ಮು ಬರುತ್ತದೆ.
ಹಾಗಾಗಿ ಒಂದು ಮೂರನೆಯ ಪುಟದಲ್ಲಿ, ಇನ್ನೊಂದು ಹತ್ತೊಂಬತ್ತರಲ್ಲಿ;
ನಡುವೆ ಹೊಸ ಈಜುಕೊಳದ ಫೋಟೋ.

ಒಂದು ನಿಯಮವಿದೆ. ಯಾವ ಗುಂಪೇ ಆಗಲಿ,
ಹತ್ತು ಅಥವಾ ಅದಕ್ಕೂ ಕಡಿಮೆ ಮಕ್ಕಳಿದ್ದರೆ
ಅಂಕಿ ಬರೆಯುವಂತಿಲ್ಲ. ಗುರುತು ಸಿಕ್ಕೀತು, ಮಗುವಿನ ಮಾನ ಹೋದೀತು.
ಅಂಕಿಯ ಬದಲು ಒಂದು ಪುಟ್ಟ ನಕ್ಷತ್ರ.
ಪೆಸಿಫಿಕ್ ದ್ವೀಪದವರ ಸಾಲಿನಲ್ಲಿ ಒಂಬತ್ತು ವರ್ಷ
ಬರೀ ನಕ್ಷತ್ರ. ಪಾಸಿಗೂ ನಕ್ಷತ್ರ, ಫೇಲಿಗೂ ನಕ್ಷತ್ರ,
ಗೈರುಹಾಜರಿಗೂ.
ಆಟಕ್ಕುಂಟು ಲೆಕ್ಕಕ್ಕಿಲ್ಲ.
ಆಟದಲ್ಲೋ, ಫುಟ್‌ಬಾಲ್ ತಂಡದ ಮುಂದಿನ ಸಾಲು ಪೂರಾ ಅವರದೇ.

ಅಕ್ಟೋಬರಿನ ಮೊದಲ ಬುಧವಾರ ತಲೆಯೆಣಿಕೆ.
ಮಂಗಳವಾರ ಬಾಗಿಲು ಹಾಕುವ ಹೊತ್ತಿಗೆ
ಸೆಲು ತೌಫಾ ಬಂದಳು, ಹಿಂದೆ ಮಗಳು ಲೋಸೆ,
ತನ್ನಷ್ಟೇ ಎತ್ತರದ ಹಿತ್ತಾಳೆ ಕಹಳೆಯ ಪೆಟ್ಟಿಗೆ ಎಳೆದುಕೊಂಡು.
ಅರ್ಜಿಯಲ್ಲಿ ಜನಾಂಗದ ಚೌಕ ಬಂತು. ಸೆಲು ಪೆನ್ನು ನಿಲ್ಲಿಸಿದಳು.
“ಇವಳಪ್ಪನ ತಾಯಿ ಪೋರ್ಚುಗೀಸರವಳು, ಡೈರಿ ಮನೆಯವಳು.
ಬಿಳಿಯರ ಚೌಕಕ್ಕೂ ಗುರುತು ಹಾಕಲಾ?”

ಹಾಕಿದರೆ ಲೋಸೆ ಮಿಶ್ರರ ಸಾಲಿಗೆ ಹೋಗುತ್ತಾಳೆ,
ಇಲ್ಲಿ ಹತ್ತು ಹತ್ತಾಗಿಯೇ ಉಳಿಯುತ್ತದೆ.
ಹಾಕದಿದ್ದರೆ ಹನ್ನೊಂದು. ನನಗೆ ಗೊತ್ತಿತ್ತು.
“ನಿಮಗೆ ತೋಚಿದಂತೆ” ಅಂದೆ. ನಾನು ಅನ್ನಬಹುದಾದದ್ದು ಅಷ್ಟೇ.
ಪೆನ್ನಿನ ಗುಂಡಿ ಟಿಕ್, ಟಿಕ್.
“ಆ ಮುದುಕಿ ನನ್ನ ಮದುವೆಗೇ ಬರಲಿಲ್ಲ”
ಅಂದು ಸಹಿ ಹಾಕಿದಳು.
ಮೇಜಿನ ಮೇಲೆ ನನ್ನ ಹೆಸರಿನ ಫಲಕ, ಬೆಟೆನ್‌ಕೋರ್ಟ್,
ಅದೇ ಡೈರಿಯವರ ಪೈಕಿ,
ಅವಳತ್ತಲೇ ಮುಖ ಮಾಡಿತ್ತು.

ಹೀಗೆ ನಕ್ಷತ್ರ ಬಿತ್ತು.
ಬಿದ್ದಲ್ಲಿ ಕೆಂಪಕ್ಷರದಲ್ಲಿ ಹದಿನೆಂಟು:
ಗಣಿತದಲ್ಲಿ ಪಾಸಾದವರು ಹನ್ನೊಂದಕ್ಕೆ ಇಬ್ಬರು.
“ಕಳೆದ ವರ್ಷ ಈ ಗುಂಪಿಗೆ ಏನೂ ತೊಂದರೆ ಇರಲಿಲ್ಲವಲ್ಲ?”
ಹಾಲ್ವರ್ಸನ್ ಕನ್ನಡಕ ಹಣೆಗೇರಿಸಿ ಕೇಳಿದರು.
“ಕಳೆದ ವರ್ಷ ಗುಂಪೇ ಇರಲಿಲ್ಲ, ಸರ್.”
ಯಾರೋ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಯೋಜನೆಯಾಯಿತು. ಹನ್ನೆರಡು ಸಾವಿರ ಡಾಲರು,
ಒಬ್ಬ ಸಲಹೆಗಾರ, ಗುರುವಾರ ಸಂಜೆ ವಿಶೇಷ ಪಾಠ.
ಗುರುವಾರ ಸಂಜೆಯೇ ಬ್ಯಾಂಡಿನ ಅಭ್ಯಾಸ.
ಪಾಸಾದ ಇಬ್ಬರಲ್ಲಿ ಲೋಸೆಯೂ ಒಬ್ಬಳು,
ಅವಳನ್ನೂ ಕರೆದರು. ಸಾಲಿನಲ್ಲಿದ್ದಳಲ್ಲ.

ಜೂನಿನಲ್ಲಿ ಸೆಮಿಸಿ ಪದವಿಯ ಟೊಪ್ಪಿ ತೂರಿ ಹೊರಟ.
ಮುಂದಿನ ಬುಧವಾರಕ್ಕೆ ಹತ್ತೇ ಮಂದಿ.
ನಾನೇ ಆ ನಕ್ಷತ್ರವನ್ನು ಒತ್ತಿದ್ದು, ಎಂಟರ ಕೀಲಿ, ಶಿಫ್ಟ್ ಹಿಡಿದು.
ಸಾಲೇ ಇಲ್ಲದ ಮೇಲೆ ಯೋಜನೆ ಯಾರಿಗೆ?

ಆಮೇಲೊಂದು ಶನಿವಾರ, ಮಾರ್ಕೆಟ್ಟಿನ ಈರುಳ್ಳಿ ರಾಶಿಯ ಹತ್ತಿರ
ಸೆಲು ಗಾಡಿ ಅಡ್ಡ ನಿಲ್ಲಿಸಿದಳು.
“ನಮ್ಮ ಮಕ್ಕಳದು ಈ ಸಲ ಎಷ್ಟು ಬಂತು?”
“ಈ ಸಲ ನಕ್ಷತ್ರ” ಅಂದುಬಿಟ್ಟೆ.

“ನಕ್ಷತ್ರವಾ!”
ನನ್ನ ಎರಡೂ ಕೈ ಹಿಡಿದಳು,
ಪಕ್ಕದ ಗಾಡಿಯವಳಿಗೆ ತನ್ನ ಭಾಷೆಯಲ್ಲಿ ಕೂಗಿ ಹೇಳಿದಳು.
ಭಾನುವಾರ ಚರ್ಚಿನಲ್ಲೂ ಹೇಳಿರಬೇಕು.

ತಕ್ಕಡಿಯ ಮುಳ್ಳು ಅಲುಗುತ್ತಿತ್ತು.
ಅದು ನಿಲ್ಲುವವರೆಗೂ ನಾನು
ಈರುಳ್ಳಿಯನ್ನೇ ನೋಡುತ್ತಿದ್ದೆ.