ಮೂರು ರಾತ್ರಿಯ ನೀರು

ಗೆಣಸು ಕಹಿಯಿದ್ದರೇ ವಾಸಿ ಅನ್ನುತ್ತಿದ್ದಳು ಅಜ್ಜಿ.
ಹಂದಿ ಮೂಸುವುದಿಲ್ಲ, ಕೋತಿ ಕೀಳುವುದಿಲ್ಲ,
ಕದ್ದವನಿಗೂ ಮೂರು ದಿನ ಪುರುಸೊತ್ತು ಬೇಕಲ್ಲ.

ಕ್ವಾಂಗೋ ಹೊಳೆಗೆ ಸೇರುವ ಹಳ್ಳದಲ್ಲಿ
ಅವರವರ ಹೊಂಡ ಅವರವರಿಗೆ ಗೊತ್ತು.
ಸುಲಿದ ಮರಗೆಣಸು ಮುಳುಗಿಸಿ
ಮೇಲೊಂದು ಕಲ್ಲು ಹೇರಿ ಬರುವುದು.
ಮೊದಲ ರಾತ್ರಿ ಏನೂ ಆಗುವುದಿಲ್ಲ.
ಎರಡನೆಯದಕ್ಕೆ ನೊರೆ, ಹುಳಿ, ಮೂಗು ಮುಚ್ಚುವ ನಾತ.
ಮೂರು ಕಳೆದರೆ
ಇಟ್ಟ ಬೆರಳು ಒಳಗೇ ಇಳಿಯುತ್ತದೆ, ಬೆಂದದ್ದರೊಳಗೆ ಇಳಿದಂತೆ.
ಯಾಕೆಂದು ಯಾರೂ ಹೇಳಲಿಲ್ಲ. ಹೇಳಿದ್ದು ಇಷ್ಟು:
ಅದು ಗೆಣಸಿನ ಬಾಣಂತನ, ನಡುವೆ ಎಬ್ಬಿಸಬಾರದು.

ಆಮೇಲೆ ರಸ್ತೆ ಬಂತು.
ಕಿನ್ಶಾಸಾದಿಂದ, ಕೆಂಪಗೆ, ನೆಟ್ಟಗೆ.
ರಸ್ತೆಯ ಮೇಲೆ ತ್ಶಿಬಾಂಡಾನ ಲಾರಿ.
ಮಂಗಳವಾರ ಬರುತ್ತಾನೆ, ಬುಧವಾರಕ್ಕೆ ನಿಲ್ಲುವವನಲ್ಲ.
ಒಣಗಿದ ಚೀಲ ಎತ್ತಿದರೆ ಅಲ್ಲೇ ಕೈಗೆ ದುಡ್ಡು.
ಅಮ್ಮ ಉಪ್ಪು ಕೊಂಡಳು, ಸೀಮೆಎಣ್ಣೆ ಕೊಂಡಳು,
ನನಗೊಂದು ನೋಟ್‌ಬುಕ್ಕು,
ಕಿಯೇಸೆಗೆ ಪ್ಲಾಸ್ಟಿಕ್ ಚಪ್ಪಲಿ, ನೀಲಿ.

ಎರಡು ರಾತ್ರಿ ಸಾಕಲ್ಲಮ್ಮ ಅಂದವಳು ನಾನೇ.
ಹದಿನಾಲ್ಕು ವರ್ಷ ನನಗೆ, ಲೆಕ್ಕ ಬರುತ್ತಿತ್ತು.
ಆಮೇಲೆ ಒಂದೇ ಸಾಕಾಯಿತು.

ಒಣಗಾಲ. ಕಾಳೂ ಲಾರಿ ಹತ್ತಿತು, ಒಣಮೀನೂ ಹತ್ತಿತು.
ಮನೆಯಲ್ಲಿ ಲೂಕು ಮತ್ತು ಸೊಪ್ಪು, ಸೊಪ್ಪು ಮತ್ತು ಲೂಕು.
ಉಂಡ ಮೇಲೆ ತಲೆ ತಿರುಗಿದರೆ ಬಿಸಿಲೆಂದೆವು.
ಅಮ್ಮ ಗುಡಿಸಲ ಹಿಂದೆ ಹೋಗಿ ವಾಂತಿ ಮಾಡಿದರೆ
ಬಸಿರೆಂದು ನಕ್ಕರು.

ಒಂದೇ ಬೆಳಿಗ್ಗೆ. ಜ್ವರವಿಲ್ಲ, ನೋವಿಲ್ಲ.
ನೀರಿಗೆ ಹೊರಟ ಕಿಯೇಸೆ ಹೊಸ್ತಿಲಲ್ಲಿ ಬಿದ್ದಳು,
ಕೊಡ ಉರುಳಿದ್ದಕ್ಕೆ ನಾನು ಬೈದೆ.
ಎಬ್ಬಿಸಿದರೆ ಎರಡು ಕಾಲೂ ಸೌದೆ.
ಮೊಣಕಾಲು ಮೊಣಕಾಲಿಗೆ ಕತ್ತರಿ ಹಾಕಿದೆ,
ಹಿಮ್ಮಡಿ ನೆಲ ಮುಟ್ಟಲೊಲ್ಲದು.
ನಾಲಿಗೆ ಎರಡು ದಿನ ತೊದಲಿ ತಿರುಗಿ ಬಂತು.
ಹಿಮ್ಮಡಿ ಬರಲಿಲ್ಲ.

ಜಿಂಕೆಯ ಕಾಲು ಕಟ್ಟುವ ಉರುಲಿಗೆ
ನಮ್ಮ ಮಾತಿನಲ್ಲಿ ಕೊಂಜೋ.
ಕಟ್ಟಿದವರು ಯಾರೆಂದು ಊರು ಹುಡುಕಿತು.
ಮಕ್ಕಳಿಲ್ಲದ ಚಿಕ್ಕಮ್ಮನ ಗುಡಿಸಲ ಕಡೆ ನೋಡಿತು.
ನಾನು ಬಾಯಿ ಬಿಡಲಿಲ್ಲ. ಗೊತ್ತಿರಲೂ ಇಲ್ಲ ನನಗೆ,
ಗೊತ್ತಿಲ್ಲದಿರಲೂ ಇಲ್ಲ.

ಮಳೆಗೆ ಮುಂಚೆ ನರ್ಸ್ ಬೊಲಾಂಗಾ ಬಂದ.
ನಮ್ಮ ಬಾಗಿಲ ಮೇಲೇ ಸೀಮೆಸುಣ್ಣದಲ್ಲಿ ಗೆಣಸು ಬರೆದ,
ಅದರೊಳಗೆ ಎರಡು ಕೋಣೆ.
ನಡುವಿನ ಗೋಡೆ ಒಡೆದರೆ ಇಬ್ಬರ ಭೇಟಿ,
ಭೇಟಿಗೆ ಹುಟ್ಟುವ ಕೂಸು ಸಯನೈಡು.
ನೀರಲ್ಲಿ ಬಿಟ್ಟರೆ ಅದು ಹುಟ್ಟಿ ಹೊರಟುಹೋಗುತ್ತದೆ,
ಅವಸರಪಟ್ಟರೆ ನಿಮ್ಮ ಹೊಟ್ಟೆಯಲ್ಲಿ ಹುಟ್ಟುತ್ತದೆ.
ಉಸಿರು ಒಳಗೆ ಬಂದೇ ಬರುತ್ತದೆ ಮಾಫುತಾ,
ರಕ್ತ ಅದನ್ನು ಹೊತ್ತು ಮೈಯ ಮನೆಮನೆಗೂ ಒಯ್ಯುತ್ತದೆ,
ಚಿಲಕ ತೆಗೆಯುವವರಿಲ್ಲ.
ಚೂರುಪಾರಾದರೆ ಮೈಯೇ ಗಂಧಕ ಹಾಕಿ ಪಳಗಿಸಿ
ಉಚ್ಚೆಯಲ್ಲಿ ಕಳಿಸಿಬಿಡುತ್ತದೆ.
ಗಂಧಕವಿರುವುದು ಮೀನಿನಲ್ಲಿ, ಕಾಳಿನಲ್ಲಿ.
ಎಲ್ಲಿ ನಿಮ್ಮ ಕಾಳು?

ಲಾರಿಯಲ್ಲಿ, ಅಂದಳು ಅಮ್ಮ.

ಕಾಲು ಬಿಚ್ಚುವ ಔಷಧಿ?
ಸೀಮೆಸುಣ್ಣ ಜೇಬಿಗೆ ಹಾಕಿಕೊಂಡ.

ಹನ್ನೊಂದು ವರ್ಷ. ಈಗ ಹೊಂಡದ ದಂಡೆಗೆ ಕಿಯೇಸೆಯೇ ಯಜಮಾನಿ.
ಎರಡು ಕೋಲೂರಿ, ತುದಿಬೆರಳಲ್ಲಿ ನಡೆದು ಬಂದು ಕೂರುತ್ತಾಳೆ.
ಅವಳ ಬೆರಳು ಇಳಿಯದೆ ಯಾರ ಗೆಣಸೂ ಮೇಲೇಳುವಂತಿಲ್ಲ.
ಅತ್ತ ಲಾರಿ ಹಾರ್ನು ಹೊಡೆಯುತ್ತದೆ, ಹೊಡೆಯುತ್ತಲೇ ಇರುತ್ತದೆ.
ಹೆಂಗಸರು ನನ್ನ ಮುಖ ನೋಡುತ್ತಾರೆ, ನಾನು ಅವಳದು.
ಇನ್ನೊಂದು ರಾತ್ರಿ, ಅನ್ನುತ್ತಾಳೆ.

ನನ್ನ ಲೆಕ್ಕದ ಮಾತು ಅವಳಿಗೆ ಹೇಳಿಲ್ಲ ಇನ್ನೂ.
ಆ ಚಪ್ಪಲಿ ಮಾತ್ರ ಎತ್ತಿಟ್ಟಿದ್ದೇನೆ:
ಮುಂದೆ ಸವೆದು ತೂತಾಗಿದೆ,
ಹಿಮ್ಮಡಿಯ ಜಾಗ ಈಗಲೂ ಅಂಗಡಿಯ ನೀಲಿ.